ದೊಡ್ಡ ತೂತಿನ ರೆಕಾರ್ಡು

“ಬಗ್ಗಿಸಿ ನೋಡು,” ಎಂದ ನೌಷಾದ್.

ರೆಕಾರ್ಡಿನ ಎರಡೂ ಅಂಚು ಹಿಡಿದು ಬಗ್ಗಿಸಿದೆ. ಚೆನ್ನಾಗಿಯೇ ಬಗ್ಗಿತು. ಬಿಟ್ಟೆ, ಮತ್ತೆ ನೆಟ್ಟಗಾಯಿತು.

“ಅಸಲಿ ಆಗಿದ್ದರೆ ಈಗ ನಿನ್ನ ಕೈಯಲ್ಲಿ ಎರಡು ತುಂಡು ಇರ್ತಿತ್ತು. ಅದರ ಪ್ಲಾಸ್ಟಿಕ್ಕೇ ಬೇರೆ. ಉಗುರಿನಲ್ಲಿ ತಟ್ಟಿದರೆ ಟಕ್ ಅಂತದೆ. ಇದನ್ನು ತಟ್ಟು.”

ತಟ್ಟಿದೆ. ಮೆತ್ತಗಿನ ಸದ್ದು.

“ಇದು ಹೊಸತು. ಹೊರದೇಶದ ಯಾವುದೋ ಕಂಪನಿಯವರು ಅಪರೂಪದ ಹಳೆ ಹಾಡುಗಳನ್ನು ಪುನಃ ಒತ್ತಿ ಮಾರುದು. ಲೇಬಲ್ ಮಾತ್ರ ಹಳೆಯದರ ಹಾಗೇ ಮಾಡ್ತಾರೆ. ಗೊತ್ತಿಲ್ಲದವರು ಮೋಸ ಹೋಗ್ತಾರೆ.”

“ಉಪ್ಪನಿಗೆ ಗೊತ್ತಾಗಲಿಕ್ಕಿಲ್ವಾ?”

ನೌಷಾದ್ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಆಂಪ್ಲಿಫಯರಿನ ಕಡೆಗೆ ತಿರುಗಿದ. ದರ್ಬೆಯ ಮುಖ್ಯರಸ್ತೆಯ ಬದಿಯಲ್ಲಿ ಅವನದ್ದು ಹಳೆಯ ಆಡಿಯೋ ಸಾಮಾನು ರಿಪೇರಿ ಮಾಡುವ ಸಣ್ಣ ಅಂಗಡಿ. ಅವನು ನನ್ನ ಉಪ್ಪನ, ಎಂದರೆ ಅಪ್ಪನ, ತಂಗಿಯ ಮಗ. ನನಗಿಂತ ದೊಡ್ಡವನಾದ್ದರಿಂದ ಚಿಕ್ಕಂದಿನಿಂದಲೂ ನಾನು ಅವನನ್ನು ನೌಷಾದಾಕ ಎಂದು ಅಣ್ಣನ ಹಾಗೆ ಕರೆದವಳು.

ಉತ್ತರ ಬೇಕಾಗಿಯೂ ಇರಲಿಲ್ಲ. ನನ್ನ ಉಪ್ಪ ಅಬೂಬಕರ್ ಕಣ್ಣು ಮುಚ್ಚಿ ಮುಟ್ಟಿದರೂ ಅಸಲಿ ಯಾವುದು, ಕಾಪಿ ಯಾವುದು ಎಂದು ಹೇಳಬಲ್ಲವರಾಗಿದ್ದರು. ಅಂಥವರನ್ನು ಪುತ್ತೂರಿನ ಸಭಾಭವನದಲ್ಲಿ, ರೆಕಾರ್ಡು ಸಂಗ್ರಾಹಕರ ಕೂಟದ ಅಷ್ಟೂ ಜನರ ಮುಂದೆ, ಮನೆಯಲ್ಲಿ ತೆರೆದು ನೋಡದೆ ಅಸಲಿ ಎಂದೇ ಅವರು ತಂದ ಕವರಿನಿಂದ ಹೊರಬಂದ ಇದೇ ಖೊಟ್ಟಿ ರೆಕಾರ್ಡನ್ನು ಎತ್ತಿ ಹಿಡಿದು “ಮೋಸಗಾರ” ಎಂದು ಕರೆಯಲಾಯಿತು. ಉಪ್ಪ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಮಲಗಿದವರು ಮುಂದಿನ ಶುಕ್ರವಾರ ಜುಮಾಕ್ಕೆ ಏಳಲಿಲ್ಲ.

ಡಾಕ್ಟರು ಹೃದಯಾಘಾತ ಎಂದು ಬರೆದರು. ನಾನು ಹಾಗೆ ಬರೆಯುವುದಿಲ್ಲ.

ಮಯ್ಯತ್ತನ್ನು ಎತ್ತುವ ಮೊದಲು ಉಪ್ಪನ ಕಾಲು ಹಿಡಿದು ನಾನು ಮಾತು ಕೊಟ್ಟಿದ್ದೇನೆ. ಈ ರೆಕಾರ್ಡನ್ನು ಬದಲಾಯಿಸಿದವನನ್ನು ಅದೇ ಕೂಟದ ಜನರ ಮುಂದೆ ಬಯಲು ಮಾಡಿ, ಅವನ ಮರ್ಯಾದೆಯನ್ನು ಬೀದಿಗೆ ಎಳೆಯುತ್ತೇನೆ ಎಂದು. ಕ್ಷಮೆ ದೊಡ್ಡದು ಎಂದು ನಮ್ಮ ಮಸೀದಿಯ ಉಸ್ತಾದರು ಹೇಳಿದರು. ದೊಡ್ಡದು ದೊಡ್ಡವರಿಗಿರಲಿ, ನನಗೆ ಸೇಡು ಸಾಕು.

“ಈ ಕಾಪಿ ನೀನು ತರಿಸಿದ್ದಾ ನೌಷಾದಾಕ?”

ಅವನು ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿದ. ಚುಂಯ್ ಎಂದಿತು.

“ಒಂದೇ ಒಂದು ತರಿಸಿದ್ದೆ,” ಎಂದ. “ಕೊಯಿಲದ ಉದಯಶಂಕರರಿಗೆ.”

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹಸಿದವನಿಗೆ ಅನ್ನದ ತಟ್ಟೆ ಇಟ್ಟ ಹಾಗಾಯಿತು. ಸಭಾಭವನದಲ್ಲಿ ಎದ್ದು ನಿಂತು “ಕವರು ತೆರೆಯಿರಿ ಅಬೂಬಕರ್, ನೋಡುವ” ಎಂದವರೂ ಉದಯಶಂಕರರೇ, “ಮೋಸಗಾರ” ಎಂದವರೂ ಅವರೇ.

ಇಷ್ಟು ದಿನ ನನ್ನನ್ನು ಕಾಡಿದ್ದು ಒಂದೇ ವಿಷಯ. ಇಷ್ಟು ಸುಲಭದಲ್ಲಿ ಗೊತ್ತಾಗುವ ಕಾಪಿಯನ್ನು ಯಾಕೆ ಇಟ್ಟರು? ಬಗ್ಗಿಸಿದರೆ ಗೊತ್ತಾಗುತ್ತದೆ, ತಟ್ಟಿದರೆ ಗೊತ್ತಾಗುತ್ತದೆ. ಈಗ ಅರ್ಥವಾಯಿತು. ಅದನ್ನು ಇಟ್ಟದ್ದು ಮೋಸ ನಡೆಯಲಿ ಎಂದಲ್ಲ, ಉಪ್ಪ ಸಿಕ್ಕಿಬೀಳಲಿ ಎಂದು.

ನಾನು ವಿಮಾ ಕಂಪನಿಗಳಿಗೆ ಕ್ಲೇಮುಗಳ ತನಿಖೆ ಮಾಡುವವಳು. ಪುತ್ತೂರು, ಸುಳ್ಯ, ಕಡಬದಲ್ಲಿ ಉರುಳಿದ ಪಿಕಪ್ಪು, ಸುಟ್ಟ ಅಂಗಡಿ, ಸತ್ತ ಎಮ್ಮೆ, ಎಲ್ಲದರ ಹಿಂದಿನ ಸುಳ್ಳುಗಳನ್ನು ಸ್ಕೂಟರಿನಲ್ಲಿ ಹೋಗಿ ಹೆಕ್ಕುವುದು ನನ್ನ ಕೆಲಸ. ಸುಳ್ಳು ಹೇಳುವವರು ಯಾವಾಗಲೂ ಒಂದು ಜಾಗದಲ್ಲಿ ಎಡವುತ್ತಾರೆ. ತಮ್ಮ ಜಾಣತನವನ್ನು ಯಾರಿಗಾದರೂ ತೋರಿಸದೆ ಅವರಿಗೆ ನಿದ್ದೆ ಬರುವುದಿಲ್ಲ.

“ಒಂದು ಸಹಾಯ ಮಾಡು,” ಎಂದೆ. “ಇವತ್ತು ಸಂಜೆಗೆ ಪ್ರೇಮನಾಥ ಮಾಸ್ಟ್ರನ್ನು, ಸುಳ್ಯದ ಶಾಫಿಯನ್ನು, ಕೂಟದ ಇನ್ನು ಯಾರು ಸಿಗ್ತಾರೋ ಅವರನ್ನು ಇಲ್ಲಿಗೆ ಕರೆ. ನಾನು ಉದಯಶಂಕರರ ಮನೆಯಿಂದ ನಿನಗೆ ಫೋನು ಮಾಡಿ ಬ್ಯಾಗಿನಲ್ಲಿ ಇಟ್ಟುಕೊಳ್ತೇನೆ. ನೀನು ಸ್ಪೀಕರಿಗೆ ಹಾಕು. ಎಲ್ಲರೂ ಕೇಳಲಿ.”

“ಜಾಗ್ರತೆ ಮಾರಾಯ್ತಿ. ಅವರು ದೊಡ್ಡ ಕುಳ.”

“ಇರಲಿ. ದೊಡ್ಡದಾದಷ್ಟು ಬೀಳುವಾಗ ಸದ್ದು ಜಾಸ್ತಿ.”

ನೌಷಾದ್ ನಗಲಿಲ್ಲ. ಆ ಖೊಟ್ಟಿ ರೆಕಾರ್ಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

*

ಕೊಯಿಲದ ದನಗಳ ಫಾರ್ಮಿನ ಬೇಲಿ ದಾಟಿ, ಗುಡ್ಡ ಹತ್ತಿದರೆ ಉದಯಶಂಕರರ ಮನೆ. ಅಡಿಕೆ, ತೆಂಗು, ರಬ್ಬರು ಎಲ್ಲ ಕೆಳಗೆ ಬೆಳೆಯುತ್ತವೆ, ಅವರು ಮೇಲೆ ಕುಳಿತು ಹಾಡು ಕೇಳುತ್ತಾರೆ. ಗೇಟಿನ ಹೊರಗೆ ಸ್ಕೂಟರು ನಿಲ್ಲಿಸಿ ನೌಷಾದಿಗೆ ಕರೆ ಮಾಡಿದೆ. ಅವನು “ಹ್ಞೂಂ, ಎಲ್ಲ ಬಂದಿದ್ದಾರೆ” ಎಂದ. ಫೋನನ್ನು ಬ್ಯಾಗಿನ ಬಾಯಿಯ ಹತ್ತಿರ ಇಟ್ಟುಕೊಂಡೆ.

“ಬನ್ನಿ ರಮ್ಲತ್, ಬನ್ನಿ. ಉಪ್ಪನ ವಿಷಯ ಕೇಳಿ ತುಂಬ ಬೇಜಾರಾಯಿತು ಮಾರಾಯ್ರೆ. ಬರಬೇಕು ಅಂತ ಇದ್ದೆ. ಮಂಡಿನೋವು.”

ಬೆಳ್ಳಗಿನ ಅಂಗಿ, ಬೆಳ್ಳಗಿನ ಮೀಸೆ, ಬೆಣ್ಣೆಯಂಥ ಮಾತು. ಮೆಟ್ಟಿಲನ್ನು ಮಾತ್ರ ಹುಡುಗನ ಹಾಗೆ ಇಳಿದು ಬಂದರು.

“ಉಪ್ಪನ ರೆಕಾರ್ಡುಗಳನ್ನು ಎಂತ ಮಾಡುದು ಅಂತ ಕೇಳ್ಲಿಕ್ಕೆ ಬಂದೆ,” ಎಂದೆ. “ನಮ್ಮ ಮನೆಯಲ್ಲಿ ಯಾರಿಗೂ ಅದರ ಗಂಧಗಾಳಿ ಇಲ್ಲ. ತಿಳಿದವರ ಕೈ ಸೇರಿದರೆ ಒಳ್ಳೆಯದಲ್ವಾ?”

ಅವರ ಕಣ್ಣು ಹೊಳೆಯಿತು. ದುಃಖ ಎಲ್ಲಿ ಹೋಯಿತೋ ಆ ದೇವರಿಗೇ ಗೊತ್ತು.

ಹಾಡು ಕೇಳುವ ಕೋಣೆಗೆ ಕರೆದುಕೊಂಡು ಹೋದರು. ಎಸಿ, ದಪ್ಪ ಪರದೆ, ಗೋಡೆ ತುಂಬ ರೆಕಾರ್ಡುಗಳು. ಉಪ್ಪನ ಸಂಗ್ರಹ ಇದ್ದದ್ದು ಈಶ್ವರಮಂಗಲದ ನಮ್ಮ ಜೀನಸಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೆಣಸಿನ ಮೂಟೆಯ ಪಕ್ಕದ ಕಪಾಟಿನಲ್ಲಿ. ಹಾಡು ಕೇಳುತ್ತ ಕೇಳುತ್ತ ಸೀನು ಬರುತ್ತಿತ್ತು.

ಆದರೂ ಕೂಟದ ಜನ ಕೇಳಲು ಬರುತ್ತಿದ್ದದ್ದು ಅಲ್ಲಿಗೆ. ಯಾಕೆಂದರೆ ಉಪ್ಪನಿಗೆ ಆ ಹಾಡುಗಳು ಗೊತ್ತಿದ್ದವು. ಹರೆಯದಲ್ಲಿ ಬಹರೈನಿನ ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ ಚಾ ಕೊಡುತ್ತಿದ್ದಾಗ ಅಲ್ಲಿ ಹಾಡಿನ ಪೆಟ್ಟಿಗೆಯೊಂದು ಇತ್ತಂತೆ. ಅಮೆರಿಕದ ಕಪ್ಪು ಜನರ ಸೋಲ್ ಹಾಡುಗಳನ್ನು ಉಪ್ಪ ಮೊದಲು ಕೇಳಿದ್ದು ಅದರಲ್ಲಿ. ಇಗರ್ಜಿಯಲ್ಲಿ ದೇವರನ್ನು ಕೂಗಿ ಕೂಗಿ ಪಳಗಿದ ಗಂಟಲುಗಳು, ಹೊರಗೆ ಬಂದು ಪ್ರೀತಿಯನ್ನು, ವಂಚನೆಯನ್ನು ಅದೇ ದನಿಯಲ್ಲಿ ಕೂಗಿದ್ದು ಸೋಲ್ ಸಂಗೀತ. ಭಾಷೆ ಉಪ್ಪನಿಗೆ ಅರ್ಧಂಬರ್ಧ.

“ಅವಳು ಹಾಡುದಲ್ಲ, ದುಆ ಬೇಡುದು,” ಎನ್ನುತ್ತಿದ್ದರು ಉಪ್ಪ. “ಹಿಂದೆ ಕಹಳೆಯವರು ಉಂಟಲ್ಲ, ಅವರು ಆಮೀನ್ ಹೇಳುದು.”

‘ಅವಳು’ ಎಂದರೆ ವರ್ಲೀನ್ ಟಿಬ್ಸ್. ಯಾವುದೋ ಸಣ್ಣ ಊರಿನ ಸಣ್ಣ ಕಂಪನಿಗೆ ಒಂದೇ ರೆಕಾರ್ಡು ಹಾಡಿ ಮರೆಯಾದವಳು. ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು, ಉಳಿದದ್ದು ಕೆಲವೇ ಪ್ರತಿ. ಅದರಲ್ಲಿ ಒಂದು ನಮ್ಮ ಮೆಣಸಿನ ಮೂಟೆಯ ಪಕ್ಕದಲ್ಲಿ ಇತ್ತು. ಖೊಟ್ಟಿ ಇಟ್ಟು ಬದಲಾಯಿಸಿದ್ದು ಅದನ್ನೇ. ಹಾಡಿನ ನಡುವೆ ಒಂದು ಕಡೆ ಅವಳ ದನಿ ಒಡೆಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ತಪ್ಪೆಂದು ಪುನಃ ಹಾಡಿಸುತ್ತಿದ್ದರು. ಉಪ್ಪ ಆ ಜಾಗ ಬರುವ ಮೊದಲೇ ಕಣ್ಣು ಮುಚ್ಚುತ್ತಿದ್ದರು.

ನಾನು ಬ್ಯಾಗಿನಿಂದ ಉಪ್ಪನ ಬೇರೊಂದು ರೆಕಾರ್ಡು ತೆಗೆದೆ. “ಇದನ್ನು ಹಾಕಿ ನೋಡಿ.”

ಉದಯಶಂಕರರು ಹಾಕಿದರು, ತಲೆದೂಗಿದರು. ಕೂಟದಲ್ಲಿ ಒಂದು ಕ್ರಮ ಉಂಟು. ಬಂದವರು ಒಂದು ಹಾಡು ಕೇಳಿಸಿದರೆ, ಮನೆಯವರು ಅದಕ್ಕಿಂತ ಒಂದು ಕೈ ಮೇಲಿನದ್ದನ್ನು ಕೇಳಿಸಬೇಕು. ಕೇಳಿಸದೆ ಕಳಿಸಿದರೆ ಊಟ ಹಾಕದೆ ಕಳಿಸಿದಷ್ಟೇ ನಾಚಿಕೆ. ಅವರು ಗೋಡೆಯ ಕಡೆ ನೋಡಿದರು, ಕೈ ಹೋಗಲಿಲ್ಲ.

“ಬಿಡಿ,” ಎಂದೆ. “ಆ ಟಿಬ್ಸಳ ಹಾಡಿನ ಮುಂದೆ ಎಲ್ಲ ಸಪ್ಪೆ. ಅಸಲಿಯನ್ನು ಈ ಊರಿನಲ್ಲಿ ಇನ್ನು ಯಾರೂ ಕೇಳುದಿಲ್ಲ. ಯಾರ ಹತ್ತಿರವೂ ಇಲ್ಲವಲ್ಲ.”

ಅಷ್ಟು ಸಾಕಾಯಿತು. ಅವರ ಮೀಸೆ ಅಲುಗಿತು. ಎದ್ದು ಹೋಗಿ ಬೀರುವಿನ ಬೀಗ ತೆಗೆದು, ಬಿಳಿ ಕವರಿನ ಒಂದು ಸಣ್ಣ ರೆಕಾರ್ಡು ತಂದರು.

“ಯಾರಿಗೂ ಹೇಳ್ಲಿಕ್ಕಿಲ್ಲ. ಲಂಡನ್ನಿನ ಒಬ್ಬ ವ್ಯಾಪಾರಿಯಿಂದ ಮೊನ್ನೆ ಬಂದದ್ದು.”

ಹಾಡು ಸುರುವಾಯಿತು. ಅವಳೇ. ದನಿ ಒಡೆಯುವ ಜಾಗ ಬಂತು. ಅಳಬಾರದು ಎಂದು ನಾಲಿಗೆ ಕಚ್ಚಿಕೊಂಡೆ.

ಮುಗಿದ ಕೂಡಲೇ “ಒಮ್ಮೆ ನೋಡಬಹುದಾ?” ಎಂದು ಕೈ ಚಾಚಿದೆ. ಉಗುರಿನಿಂದ ತಟ್ಟಿದೆ. ಟಕ್. ಮತ್ತೆ ಅದನ್ನು ನಾನು ಮೊದಲು ಹಾಕಿಸಿದ ಉಪ್ಪನ ರೆಕಾರ್ಡಿನ ಪಕ್ಕದಲ್ಲಿ, ಕಿಟಕಿಯ ಬೆಳಕಿಗೆ ಇಟ್ಟೆ.

ಅಮೆರಿಕದ ಈ ಸಣ್ಣ ರೆಕಾರ್ಡುಗಳಿಗೆ ನಡುವೆ ದೊಡ್ಡ ತೂತು ಇರುತ್ತದೆ. ನಮ್ಮ ಪ್ಲೇಯರಿನ ಮೊಳೆಗೆ ಕೂರಬೇಕಾದರೆ ತೂತಿಗೆ ಒಂದು ಬಿಲ್ಲೆ ತುರುಕಬೇಕು. ಉಳಿದವರು ಅಲ್ಯೂಮಿನಿಯಮ್ಮಿನದ್ದು ತರಿಸುತ್ತಾರೆ. ನನ್ನ ಉಪ್ಪ ತೆಂಗಿನ ಗೆರಟೆಯನ್ನು ಉಜ್ಜಿ ಉಜ್ಜಿ ತಾವೇ ಬಿಲ್ಲೆ ಮಾಡಿಕೊಂಡಿದ್ದರು. ಗೆರಟೆ ಬಿಗಿ. ತೆಗೆಯುವಾಗ ಸಿಕ್ಕಿಕೊಳ್ಳಬಾರದೆಂದು ಅದಕ್ಕೆ ಬೆರಳ ತುದಿಯಿಂದ ಒಂದಿಷ್ಟು ತೆಂಗಿನೆಣ್ಣೆ ಸವರುತ್ತಿದ್ದರು. ಕೂಟದವರು ಕಂಡಿದ್ದರೆ ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು. ರೆಕಾರ್ಡಿಗೆ ಎಣ್ಣೆ ತಾಗಿಸುವುದು ಎಂದರೆ ಅವರಿಗೆ ಮಹಾಪಾಪ. ಅದಕ್ಕೇ ಉಪ್ಪ ಯಾರಿಗೂ ಹೇಳಿರಲಿಲ್ಲ.

“ನೋಡಿ ಉದಯಶಂಕರರೇ. ತೂತಿನ ಸುತ್ತ ಲೇಬಲ್ಲಿನಲ್ಲಿ ಒಂದು ಕಂದು ಬಳೆ ಕಾಣ್ತದಲ್ಲ, ಎರಡರಲ್ಲೂ?”

“ಹಳೆ ಕಾಗದ. ಕಲೆ ಆಗ್ತದೆ.”

“ಮೂಸಿ ನೋಡಿ.”

ಮೂಸಲಿಲ್ಲ. ನಾನೇ ಮೂಸಿದೆ. ಹಳಸಿದ ತೆಂಗಿನೆಣ್ಣೆ. ನನ್ನ ಉಪ್ಪನ ತಲೆದಿಂಬಿನ ವಾಸನೆ.

“ಲಂಡನ್ನಿನವರು ರೆಕಾರ್ಡಿಗೆ ತೆಂಗಿನೆಣ್ಣೆ ಹಾಕ್ತಾರಾ ಮಾರಾಯ್ರೆ? ಇದು ನನ್ನ ಉಪ್ಪನ ಕೈ. ನೀವು ಎಷ್ಟು ತೊಳೆದರೂ ಕಾಗದ ಕುಡಿದ ಎಣ್ಣೆ ಹೋಗುದಿಲ್ಲ. ಒಬ್ಬ ಮುದುಕನ ಜೀವದಂಥ ವಸ್ತು ಕದ್ದು, ಖೊಟ್ಟಿಯನ್ನು ಇಟ್ಟು, ನಾಲ್ಕು ಜನರ ಮುಂದೆ ಅವರನ್ನೇ ಕಳ್ಳ ಮಾಡಿದಿರಿ. ನಿಮ್ಮ ಹೊಟ್ಟೆಕಿಚ್ಚಿಗೆ ಮಿತಿ ಬೇಡವಾ?”

ಉದಯಶಂಕರರ ಮುಖ ಸುಣ್ಣವಾಯಿತು. ನಾನು ಅದನ್ನು ಆರಾಮವಾಗಿ ನೋಡಿದೆ. ಈ ಮುಖವನ್ನು ನೋಡಲೆಂದೇ ನಾನು ಇಷ್ಟು ದಿನ ಉಂಡದ್ದು, ಮಲಗಿದ್ದು.

“ಕದ್ದದ್ದಲ್ಲ,” ಎಂದರು.

“ಹಾಗಾದರೆ ಕಾಲು ಬಂದು ನಡಕೊಂಡು ಬಂತಾ? ಕಾಪಿ ನೀವು ನೌಷಾದಿನ ಹತ್ತಿರ ತೆಗೊಂಡದ್ದು ಗೊತ್ತುಂಟು.”

“ಕಾಪಿಯಾ? ನಾನಾ?” ಅವರಿಗೆ ನಿಜವಾಗಿಯೂ ಸಿಟ್ಟು ಬಂತು. “ಈ ಕೋಣೆಯಲ್ಲಿ ಒಂದು ಕಾಪಿ ತೋರಿಸಿ. ಯಾರು ಹೇಳಿದ್ದು ನಿಮಗೆ?”

“ಸುಳ್ಳಿಗೂ ಒಂದು ತಲೆ ಬಾಲ ಬೇಕು.”

“ಸುಳ್ಳಲ್ಲ!” ಅವರು ಎದ್ದು ನಿಂತರು. “ಅಬೂಬಕರರ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು, ಹೌದು. ಒಮ್ಮೆ ಎಲ್ಲರ ಮುಂದೆ ನನ್ನ ಒಂದು ರೆಕಾರ್ಡನ್ನು ತಟ್ಟಿ ನೋಡಿ ನಕ್ಕರು ಅವರು. ಆ ನಗೆ ನಾನು ಮರೀಲಿಲ್ಲ. ಅವರ ತಲೆ ತಗ್ಗಿಸುವ ಅವಕಾಶ ಬಂದಾಗ ಬಿಡಲಿಲ್ಲ. ಆದರೆ ಇದು ನನ್ನ ಮನೆಗೆ ಬಂದದ್ದು ಕಳವಾಗಿ ಅಲ್ಲ. ನಿಮ್ಮ ತಾಯಿ ತಂದು ಕೊಟ್ಟದ್ದು.”

ಕೋಣೆಯ ಎಸಿ ಗುಂಯ್ ಎನ್ನುತ್ತಿತ್ತು. ಬ್ಯಾಗಿನಲ್ಲಿ ಫೋನು, ಫೋನಿನ ಆಚೆ ಅಷ್ಟೂ ಜನ.

“ನಾಲಿಗೆ ಬಿಗಿ ಹಿಡಿಯಿರಿ,” ಎಂದೆ.

“ಹವ್ವಮ್ಮ ಅಲ್ವಾ ಅವರ ಹೆಸರು? ನಿಮ್ಮ ಊರಿನ ಅದ್ದುವಿನ ರಿಕ್ಷಾದಲ್ಲಿ ಬಂದರು. ಕೂರಿ ಅಂದರೆ ಕೂರಲಿಲ್ಲ, ನೀರು ಕೂಡ ಮುಟ್ಟಲಿಲ್ಲ. ಇದನ್ನು ಮೇಜಿನ ಮೇಲೆ ಇಟ್ಟು ಹೇಳಿದರು, ‘ಇದು ನಿಮಗೆ. ಬದಲಿಗೆ ಒಂದು ಕೆಲಸ ಮಾಡಿ. ಕೂಟದಲ್ಲಿ ಅವರು ಕವರು ತರುವಾಗ ಎಲ್ಲರ ಮುಂದೆ ತೆರೆಸಿ. ಒಳಗೆ ಎಂತ ಉಂಟು ಅಂತ ದೊಡ್ಡ ಬಾಯಿಯಲ್ಲಿ ಹೇಳಿ.’ ನಾನು ಕಾರಣ ಕೇಳಿದೆ. ‘ನಿಮಗೆ ರೆಕಾರ್ಡು ಬೇಕಾ, ಕಾರಣ ಬೇಕಾ?’ ಅಂತ ಕೇಳಿದರು. ನಾನು ರೆಕಾರ್ಡು ತೆಗೊಂಡೆ.”

ನಾನು ಟಿಬ್ಸಳ ರೆಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡೆ. ಅವರು ತಡೆಯಲಿಲ್ಲ. ತಡೆದಿದ್ದರೆ ಆ ಮೀಸೆ ಅವತ್ತು ಉಳಿಯುತ್ತಿರಲಿಲ್ಲ.

*

ಫಾರ್ಮಿನ ಬೇಲಿಯ ಹತ್ತಿರ ಸ್ಕೂಟರು ನಿಲ್ಲಿಸಿ ಫೋನು ತೆಗೆದು ನೋಡಿದರೆ ಕರೆ ಕಡಿದಿತ್ತು. ಯಾವಾಗ ಕಡಿಯಿತೋ ಗೊತ್ತಿಲ್ಲ. ನೌಷಾದಿಗೆ ಮಾಡಿದೆ, ಎತ್ತಲಿಲ್ಲ. ಪ್ರೇಮನಾಥ ಮಾಸ್ಟ್ರಿಗೆ ಮಾಡಿದೆ. ಕೂಟಕ್ಕೆ ಅವರೇ ಹಿರಿಯರು.

“ರಮ್ಲತ್, ನಮಗೆ ಮಾತೇ ಬರುದಿಲ್ಲಮ್ಮ,” ಎಂದರು. “ಆ ತೆಂಗಿನೆಣ್ಣೆಯ ವಿಷಯ ಕೇಳಿ ಶಾಫಿ ಅತ್ತೇಬಿಟ್ಟ. ನಾವು ಅಬೂಬಕರರನ್ನು ಸುಮ್ಮನೆ ಕೊಂದೆವು. ಉದಯಶಂಕರ ಇನ್ನು ನಮ್ಮ ಕೂಟದ ಮೆಟ್ಟಿಲು ಹತ್ತಲಿಕ್ಕಿಲ್ಲ.”

“ಆಮೇಲೆ ಎಂತ ಕೇಳಿದಿರಿ?”

“ಆಮೇಲೆ? ‘ಅವಕಾಶ ಬಂದಾಗ ಬಿಡಲಿಲ್ಲ’ ಅಂತ ಅವನೇ ಒಪ್ಪಿಕೊಂಡದ್ದು ಕೇಳಿತು. ಅಷ್ಟರಲ್ಲಿ ಕಟ್ಟಾಯಿತು. ಚಾರ್ಜು ಹೋಯಿತು ಅಂತ ಹೇಳಿ ನೌಷಾದ್ ಶಟರು ಎಳೆದು ಹೋದ.”

ಚಾರ್ಜು ಹೋದದ್ದಲ್ಲ ಎಂದು ನನಗೆ ಗೊತ್ತಾಯಿತು. ಉಮ್ಮನ, ನನ್ನ ತಾಯಿಯ, ಸುದ್ದಿ ಬರುತ್ತದೆ ಎನ್ನುವಾಗ ಅವನೇ ಕಡಿದಿದ್ದಾನೆ. ನಮ್ಮ ಮನೆಯ ಮಾನ ಉಳಿಸಿದ. ಅವನಿಗೆ ಅದು ಮೊದಲೇ ಹೇಗೆ ಗೊತ್ತು ಎಂದು ಆಗ ನನಗೆ ಹೊಳೆಯಲಿಲ್ಲ. ಆ ಗಳಿಗೆ ನಾನು ಅವನಿಗೆ ಎಷ್ಟು ದುಆ ಮಾಡಿದೆನೋ ಲೆಕ್ಕವಿಲ್ಲ.

ಮತ್ತೆ ಅದ್ದುವಿಗೆ ಫೋನು. ಈಶ್ವರಮಂಗಲದ ರಿಕ್ಷಾ ಸ್ಟ್ಯಾಂಡಿನಲ್ಲಿ ಅವನಿಗಿಂತ ದೊಡ್ಡ ಬಾಯಿ ಇನ್ನೊಂದಿಲ್ಲ. ಅವತ್ತು ಮಾತ್ರ ಅವನ ಬಾಯಿ ತೆರೆಯಲು ಹೊತ್ತು ಹಿಡಿಯಿತು.

“ಹೌದು,” ಎಂದ ಕೊನೆಗೆ. “ಹವ್ವಮ್ಮತ್ತರನ್ನು ಕೊಯಿಲಕ್ಕೆ ಕರಕೊಂಡು ಹೋಗಿದ್ದೆ. ಆಸ್ಪತ್ರೆಗೆ ಅಂತ ಹೇಳಬೇಕು ಅಂದರು. ದಾರಿಯಲ್ಲಿ ಒಂದು ಮಾತು ಆಡಲಿಲ್ಲ ಮಾರಾಯ್ತಿ.”

ಕೂಟದವರ ಬಾಯಲ್ಲಿ ಉಪ್ಪನ ಹೆಸರು ಸ್ವಚ್ಛವಾಯಿತು. ಉದಯಶಂಕರರ ಮೀಸೆ ಮಣ್ಣಾಯಿತು. ನಾನು ಕೇಳಿದ್ದು ಸಿಕ್ಕಿತ್ತು. ಆದರೆ ನನಗೆ ಅದರ ರುಚಿಯೇ ತಿಳಿಯಲಿಲ್ಲ. ಪುತ್ತೂರು ದಾಟಿ ಈಶ್ವರಮಂಗಲದ ವರೆಗೂ ಒಂದೇ ಪ್ರಶ್ನೆ. ಉಮ್ಮ, ನೀವು ಯಾಕೆ? ಒಂದು ದಿನವೂ ಉಪ್ಪನಿಗೆ ಎದುರು ಮಾತಾಡದ ನೀವು?

ಕೇಳಿಯೇ ಕೇಳುತ್ತೇನೆ ಎಂದು ಹಲ್ಲು ಕಚ್ಚಿ ಸ್ಕೂಟರು ಓಡಿಸಿದೆ. ಹೆತ್ತವಳಾದರೂ ಸರಿ, ಉತ್ತರ ಕೊಡದೆ ಬಿಡುವುದಿಲ್ಲ.

*

ಮನೆಯ ಗೇಟಿನಲ್ಲಿ ಪಕ್ಕದ ಮನೆಯ ಸುಹಾನಾ ನಿಂತಿದ್ದಳು. ನಾನು ಕೆಲಸಕ್ಕೆ ಹೋದಾಗ ಉಮ್ಮನ ಜೊತೆ ಇರುವವಳು ಅವಳು.

“ನಾನು ಬೇಡ ಅಂದೆ ರಮ್ಲತ್ತಾ,” ಎಂದಳು ಮುಖ ಸಿಂಡರಿಸಿ. “ಅವರೇ ಒಳಗೆ ಕರೆದದ್ದು. ನನ್ನನ್ನು ಹೊರಗೆ ಕಳಿಸಿದರು.”

“ಯಾರನ್ನು ಕರೆದದ್ದು?”

“ನೌಷಾದಾಕನನ್ನು. ಇದ್ದತಿನಲ್ಲಿ ಇರುವವರು ಹೀಗೆ ಮಾಡುದಾ?”

ಗಂಡ ತೀರಿಕೊಂಡ ಮೇಲೆ ಹೆಂಗಸು ಕೆಲವು ತಿಂಗಳು ಮನೆಯೊಳಗೆ ಇದ್ದತ್ ಕೂರುತ್ತಾಳೆ. ನಮ್ಮ ಕಡೆ ಅದು ಬಲು ಬಿಗಿ. ಮದುವೆ ಆಗಬಾರದಷ್ಟು ಹತ್ತಿರದ ರಕ್ತದವರನ್ನು ಬಿಟ್ಟು, ಮಗ, ಅಣ್ಣ, ತಮ್ಮ ಇಂಥವರನ್ನು ಬಿಟ್ಟು, ಯಾವ ಗಂಡಸಿಗೂ ಮುಖ ತೋರಿಸುವುದಿಲ್ಲ. ನನ್ನ ಉಮ್ಮ ಅದರಲ್ಲಿ ಇನ್ನೂ ಬಿಗಿ. ಜ್ವರ ಬಂದಾಗ ಡಾಕ್ಟರಿಗೂ ಬಾಗಿಲ ಹಿಂದಿನಿಂದ ಕೈ ಮಾತ್ರ ಚಾಚಿದವರು. ಗಂಡನ ತಂಗಿಯ ಮಗ ನೌಷಾದ್ ಅವರಿಗೆ ಹೊರಗಿನವನೇ. ಉಪ್ಪ ತೀರಿಕೊಂಡ ಮೇಲೆ ಅವನು ಬಂದಾಗಲೆಲ್ಲ ಸಿಟೌಟಿನಲ್ಲಿ ಕುಳಿತು ಚಾ ಕುಡಿದು ಹೋಗಿದ್ದಾನೆ.

ನಾನು ಒಳಗೆ ಹೋದೆ.

ಉಮ್ಮ ಮಂಚದ ಮೇಲೆ ಕುಳಿತಿದ್ದರು. ತಲೆಯ ಬಿಳಿ ಬಟ್ಟೆ ಹೆಗಲಿಗೆ ಜಾರಿ, ನರೆಗೂದಲು ಕಾಣುತ್ತಿತ್ತು. ಅವರ ಕಾಲ ಬುಡದಲ್ಲಿ ನೆಲಕ್ಕೆ ಕುಳಿತಿದ್ದ ನೌಷಾದ್. ಉಮ್ಮನ ಕೈ ಅವನ ತಲೆಯ ಮೇಲಿತ್ತು.

“ಇದು ಎಂತ ಉಮ್ಮ?” ನನ್ನ ದನಿ ನನಗೇ ಗೊತ್ತಾಗದಷ್ಟು ಜೋರಾಯಿತು. “ನೌಷಾದಾಕ, ಏಳು, ಹೊರಗೆ ಹೋಗು! ಇದ್ದತಿನಲ್ಲಿ ಇರುವವರ ಕೋಣೆಗೆ ನುಗ್ಗಲು ನಾಚಿಕೆ ಆಗುದಿಲ್ವಾ?”

ಅವನು ಏಳಲಿಲ್ಲ. ಉಮ್ಮ ಕೈ ತೆಗೆಯಲಿಲ್ಲ.

“ಅವನಿಗೆ ನಾನು ಮುಖ ತೋರಿಸಬಹುದು,” ಎಂದರು. ಸಿಟ್ಟಿಲ್ಲ, ಅಳುವಿಲ್ಲ. “ಹೆತ್ತ ಮಗನಿಗೆ ಮುಖ ತೋರಿಸಲು ಇದ್ದತ್ ಅಡ್ಡಿ ಮಾಡುದಿಲ್ಲ.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ನಿನಗಿಂತ ಮೊದಲಿನವನು,” ಎಂದರು ಉಮ್ಮ. “ಹೆತ್ತು ನಾನು ಜ್ವರದಲ್ಲಿ ಮಲಗಿದ್ದೆ. ನಿನ್ನ ಉಪ್ಪನ ತಂಗಿಗೆ ಮಕ್ಕಳಾಗುದಿಲ್ಲ ಅಂತ ಹೇಳಿದ್ದರು. ನನ್ನ ಹತ್ತಿರ ಕೇಳಲಿಲ್ಲ. ಜ್ವರ ಇಳಿದು ನೋಡುವಾಗ ತೊಟ್ಟಿಲು ಖಾಲಿ. ಅವಳ ಗಂಡ ಹಂಝ ಬಹರೈನಿನಿಂದ ರಜೆಗೆ ಬಂದಿದ್ದ. ಮಗು ಸಿಕ್ಕಿದ ಸಂತೋಷಕ್ಕೆ ನಿನ್ನ ಉಪ್ಪನಿಗೆ ಒಂದು ವಸ್ತು ಕೊಟ್ಟ. ನಿನ್ನ ಉಪ್ಪ ಬಹರೈನಿನಲ್ಲಿ ಎಷ್ಟೋ ಹುಡುಕಿ ಸಿಗದಿದ್ದ ವಸ್ತು.”

ನನ್ನ ಹೆಗಲಿನಲ್ಲಿದ್ದ ಬ್ಯಾಗು ಕಲ್ಲಿನಷ್ಟು ಭಾರವಾಯಿತು.

“ಆ ರೆಕಾರ್ಡಾ?”

“ಆ ರೆಕಾರ್ಡು. ಒಂದು ವಾರವೂ ತಪ್ಪದೆ ನನ್ನ ಕಿವಿಗೆ ಹಾಕಿದರು. ಆ ಹೆಂಗಸು ಅಲ್ಲಿ ಕೂಗುದು, ನಾನು ಇಲ್ಲಿ ಅಕ್ಕಿ ಗೇರುದು. ಅವಳ ಕೂಗು ಅವರಿಗೆ ಕೇಳಿತು. ನನ್ನದು ಕೇಳಲಿಲ್ಲ. ಮಗ ಇದೇ ಮನೆಗೆ ಬಂದು ನನ್ನನ್ನು ಮಾಮಿ ಅಂತ ಕರೆಯುವಾಗ ನಾನು ಚಾ ಕೊಟ್ಟು ಒಳಗೆ ಹೋಗಬೇಕು. ಬಾಯಿ ಬಿಟ್ಟರೆ ತಲಾಖ್ ಅಂತ ಹೇಳಿದ್ದರು.”

“ಅದಕ್ಕೆ ಅವರನ್ನು ಹಾಗೆ…”

“ಹೌದು. ಯಾರ ಮುಂದೆ ಎದೆ ಉಬ್ಬಿಸಿ ಕೂತಿದ್ದರೋ ಅವರ ಮುಂದೆ ಒಮ್ಮೆ ತಲೆ ತಗ್ಗಲಿ ಅಂತ ಮಾಡಿದೆ. ಅಲ್ಲಿ ಕವರು ತೆರೆದ ಕೂಡಲೇ ಅವರಿಗೆ ಗೊತ್ತಾಗಿದೆ, ಇದು ಯಾರ ಕೆಲಸ ಅಂತ. ಅದಕ್ಕೇ ಬಾಯಿ ತೆರೆಯಲಿಲ್ಲ. ಸಾಯ್ತಾರೆ ಅಂತ ನಾನು ಅಂದಾಜು ಮಾಡಿರಲಿಲ್ಲ. ಆದರೂ ರಮ್ಲ, ನಾನು ತೌಬಾ ಮಾಡ್ಲಿಕ್ಕಿಲ್ಲ, ಪಶ್ಚಾತ್ತಾಪ ಪಡ್ಲಿಕ್ಕಿಲ್ಲ.”

ಉಪ್ಪನ ಮೇಲೆ ನನಗಿದ್ದ ಪ್ರೀತಿ ಆ ಕ್ಷಣಕ್ಕೆ ಎಲ್ಲಿಗೂ ಹೋಗಲಿಲ್ಲ, ಅದೇ ತೊಂದರೆ. ಉಮ್ಮನನ್ನು ದ್ವೇಷಿಸಲು ನೋಡಿದೆ, ಆಗಲಿಲ್ಲ. ಸಿಟ್ಟಿಗೆ ಒಂದು ಜಾಗ ಬೇಕಿತ್ತು. ಕಣ್ಣು ನೌಷಾದಿನ ಮೇಲೆ ನಿಂತಿತು. ಪಾಪ, ಇವನಿಗೂ ನನ್ನ ಹಾಗೆ ಈಗ ತಾನೇ ಸಿಡಿಲು ಬಡಿದಿರಬೇಕು ಎಂದುಕೊಂಡೆ.

“ನಿನಗೆ ಈಗ ಹೇಳಿದರಾ ನೌಷಾದಾಕ?”

ಅವನು ತಲೆ ಎತ್ತಿದ. ಅಳುವ ಮುಖ ಅಲ್ಲ.

“ಅಲ್ಲ. ನನ್ನನ್ನು ಸಾಕಿದ ಉಮ್ಮ ಸಾಯುವ ಮೊದಲು ಹೇಳಿದ್ದರು. ಆ ಕಾಪಿ ತರಿಸಿದ್ದೇ ಆಮೇಲೆ.”

“ಉದಯಶಂಕರರಿಗೆ ಮಾರಿದೆ ಅಂತ ಬೆಳಿಗ್ಗೆ ಹೇಳಿದಿಯಲ್ಲ?”

“ಮಾರಲಿಲ್ಲ. ಉಪ್ಪನ ಕವರಿಗೆ ಹಾಕಿದ್ದು ನಾನು. ಅಸಲಿಯನ್ನು ತೆಗೆದು ಇವರ ಕೈಗೆ ಕೊಟ್ಟದ್ದೂ ನಾನು. ಕೊಯಿಲಕ್ಕೆ ಹೋಗಿ ಕೊಡಿ ಅಂತ ಹೇಳಿಕೊಟ್ಟದ್ದೂ ನಾನೇ. ಉದಯಶಂಕರರ ಮೇಲೆ ನಿನ್ನನ್ನು ಬಿಟ್ಟರೆ ಅಲ್ಲಿಗೆ ಮುಗೀತದೆ ಅಂತ ಗ್ರಹಿಸಿದ್ದೆ.”

ಅವನು ನಿಧಾನವಾಗಿ ಎದ್ದು ನಿಂತ.

“ನೀನು ಮಯ್ಯತ್ತಿನ ಕಾಲು ಹಿಡಿದು ಮಾತು ಕೊಡುವಾಗ ನಾನು ಪಕ್ಕದಲ್ಲೇ ಇದ್ದೆ ರಮ್ಲ. ನೀನು ಹುಡುಕಿದವನು ನಾನು. ಎಂತ ಮಾಡುದು, ಮಾಡು.”

ನನ್ನ ಕೈ ಬ್ಯಾಗಿನೊಳಗಿನ ಫೋನಿಗೆ ಹೋಯಿತು. ಪ್ರೇಮನಾಥ ಮಾಸ್ಟ್ರ ನಂಬರು ಮೇಲಿನ ಸಾಲುಗಳಲ್ಲೇ ಇತ್ತು. ಒತ್ತಿದೆ. ಆಚೆಯಿಂದ ರಿಂಗಿನ ಸದ್ದು ಬರತೊಡಗಿತು.

ಉಮ್ಮ ಮಂಚದಿಂದ ಇಳಿದರು. ನನ್ನ ಕಡೆಗೆ ಬರುತ್ತಾರೆ ಎಂದುಕೊಂಡೆ. ಬಂದವರು ನಡುವೆಯೇ ನಿಂತು, ನೌಷಾದನ್ನು ತಮ್ಮ ಬೆನ್ನ ಹಿಂದಕ್ಕೆ ಸರಿಸಿ, ನನಗೆ ಅಡ್ಡವಾಗಿ ಎರಡೂ ಕೈ ಚಾಚಿದರು.

“ಹಲೋ, ರಮ್ಲತ್?” ಎಂದರು ಪ್ರೇಮನಾಥ ಮಾಸ್ಟ್ರು.